ಪವರ್ ನೋಡಿಸೋದು ಬೇರೆ, ಕಣ್ಣು ತೋರಿಸೋದು ಬೇರೆ

ನಮ್ಮ ಕ್ಲಾಸಿನಲ್ಲಿ ಕನ್ನಡಕದವರೇ ಜಾಸ್ತಿ. "ಕೊನೇ ಸಲ ಕಣ್ಣು ಚೆಕ್ ಮಾಡಿಸಿದ್ದು ಯಾವಾಗ?" ಅಂತ ಕೇಳಿ ನೋಡಿ, "ಹೊಸ ಫ್ರೇಮ್ ತಗೊಂಡಾಗ" ಅನ್ನೋದೇ ಉತ್ತರ. ಗಾಂಧಿ ಬಜಾರಿನ ಯಾವುದೋ ಕನ್ನಡಕದ ಅಂಗಡಿ. ಮಷೀನಿಗೆ ಗದ್ದ ಇಟ್ಟು ಒಳಗೆ ನೋಡಿದರೆ ಒಂದು ಉದ್ದ ರಸ್ತೆ, ಅದರ ಕೊನೆಯಲ್ಲೊಂದು ಬಲೂನು. ಹತ್ತು ನಿಮಿಷದಲ್ಲಿ ಪವರ್ ಚೀಟಿ ಕೈಗೆ. ಇದಕ್ಕೇ ನಮ್ಮಲ್ಲಿ ಕಣ್ಣಿನ ಪರೀಕ್ಷೆ ಅಂತ ಹೆಸರು!

ಆ ಮಷೀನ್ ಮಾಡೋದು ಒಂದೇ ಕೆಲಸ. ಕಣ್ಣೊಳಗೆ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಅದು ವಾಪಸ್ ಬರೋ ರೀತಿ ನೋಡಿ, ಯಾವ ಲೆನ್ಸ್ ಬೇಕು ಅಂತ ಲೆಕ್ಕ ಹಾಕುತ್ತದೆ. ಕ್ಯಾಮೆರಾದ ಭಾಷೆಯಲ್ಲಿ ಹೇಳೋದಾದ್ರೆ ಫೋಕಸ್ ಸರಿಯಾಯಿತು, ಸೆನ್ಸರ್ ಹೇಗಿದೆ ಅಂತ ಯಾರೂ ನೋಡಲಿಲ್ಲ. ನಮ್ಮ ಸೆನ್ಸರ್ ರೆಟಿನಾ. ಕನ್ನಡದಲ್ಲಿ ಅಕ್ಷಿಪಟಲ. ಎಷ್ಟು ಚೆಂದದ ಪದ ಅಲ್ವಾ, ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಯಾರೂ ಹೇಳಿಕೊಡಲೇ ಇಲ್ಲ.

ಮೈನಸ್ ಪವರ್ ಇರೋರು ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ. ಸಾಮಾನ್ಯವಾಗಿ ನಮ್ಮ ಕಣ್ಣುಗುಡ್ಡೆ ಇರಬೇಕಾದ್ದಕ್ಕಿಂತ ಉದ್ದ ಬೆಳೆದಿರುತ್ತದೆ. ಗುಡ್ಡೆ ಉದ್ದವಾದಾಗ ಒಳಗಿನ ಅಕ್ಷಿಪಟಲವೂ ಎಳೆದುಕೊಳ್ಳುತ್ತದೆ, ಅಂಚಿನಲ್ಲಿ ತೆಳುವಾಗುತ್ತದೆ, ಕೆಲವರಿಗೆ ಸಣ್ಣ ತೂತುಗಳೂ ಬೀಳುತ್ತವೆ. ಮೈನಸ್ 6 ದಾಟಿದವರಿಗಂತೂ ಈ ಅಪಾಯ ಹೆಚ್ಚು. ನೋವು ಇರೋದಿಲ್ಲ. ಕನ್ನಡಕ ಹಾಕಿಕೊಂಡು ಚಾರ್ಟಿನ ಕೊನೇ ಸಾಲನ್ನೂ ಪಟಪಟ ಓದಬಹುದು. ತೂತು ಇದೆ ಅಂತ ಮೊದಲೇ ಗೊತ್ತಾದರೆ ಅಗತ್ಯವಿದ್ದಲ್ಲಿ ಸುತ್ತ ಲೇಸರ್ ಹಾಕಿ, ಅದೇ ದಿನ ಮನೆಗೆ ಕಳಿಸುತ್ತಾರೆ. ಗೊತ್ತಾಗದೆ, ಆ ತೂತಿನಿಂದ ದ್ರವ ಹಿಂದಕ್ಕೆ ನುಗ್ಗಿದರೆ ಅಕ್ಷಿಪಟಲ ಗೋಡೆಯ ಸುಣ್ಣದ ಹಾಗೆ ಕಿತ್ತು ಬರುತ್ತದೆ. ಆಮೇಲೆ ಆಪರೇಷನ್. ಹೋದ ದೃಷ್ಟಿ ಪೂರ್ತಿ ಬರುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳ ಮಳೆ, ಕಣ್ಣಂಚಿನಲ್ಲಿ ಮಿಂಚು, ಒಂದು ಕಡೆಯಿಂದ ಪರದೆ ಎಳೆದ ಹಾಗೆ ಕತ್ತಲು: ಇವುಗಳಲ್ಲಿ ಯಾವುದಾದರೂ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ, ಮರುದಿನ ಇಂಟರ್ನಲ್ಸ್ ಇದ್ದರೂ.

"ಡಿಗ್ರಿ ಮುಗಿದ ಮೇಲೆ ಲೇಸಿಕ್ ಮಾಡಿಸ್ತೀನಿ ಬಿಡು" ಅನ್ನೋರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮಾಡಿಸಿ. ಆದರೆ ಲೇಸಿಕ್ ಸರಿ ಮಾಡೋದು ಮುಂದಿನ ಕಾರ್ನಿಯಾದ ಆಕಾರವನ್ನು. ಕನ್ನಡಕ ಹೋಗುತ್ತದೆ, ಉದ್ದ ಗುಡ್ಡೆ ಹಾಗೇ ಉಳಿಯುತ್ತದೆ.

ನಮ್ಮ ವಯಸ್ಸಿಗೆ ಬೇರೆ ಯಾರೂ ನಮ್ಮ ಕಣ್ಣನ್ನು ಕೇಳೋದೂ ಇಲ್ಲ. ಬೈಕಿನ ಲೈಸೆನ್ಸಿಗೆ ಫಾರ್ಮ್ 1ರಲ್ಲಿ, 25 ಮೀಟರ್ ದೂರದ ನಂಬರ್ ಪ್ಲೇಟ್ ಕಾಣುತ್ತಾ ಅನ್ನೋ ಪ್ರಶ್ನೆಗೆ ನಾವೇ "ಹೌದು" ಅಂತ ಬರೆದುಕೊಡುತ್ತೇವೆ, ಅಷ್ಟೇ.

2021ರ ಅಕ್ಟೋಬರ್ 29 ನೆನಪಿದೆಯಲ್ಲ? ನಾವಾಗ ಹೈಸ್ಕೂಲು. ಅಪ್ಪು ಅವರ ಎರಡು ಕಣ್ಣುಗಳ ಕಾರ್ನಿಯಾದಿಂದ ನಾರಾಯಣ ನೇತ್ರಾಲಯದಲ್ಲಿ ನಾಲ್ಕು ಜನಕ್ಕೆ ದೃಷ್ಟಿ ಬಂತು. ಅದಕ್ಕೂ ಮೊದಲು, 2006ರಲ್ಲಿ, ಅಣ್ಣಾವ್ರ ಕಣ್ಣುಗಳೂ ದಾನವಾಗಿದ್ದವು. ಅಪ್ಪು ಹೋದ ಮೇಲೆ ನೇತ್ರದಾನಕ್ಕೆ ಹೆಸರು ಬರೆಸೋಕೆ ಜನ ಸಾಲುಗಟ್ಟಿದರು. ತುಂಬಾ ಒಳ್ಳೇದು. ಆದರೆ ಸತ್ತ ಮೇಲೆ ಕೊಡೋಕೆ ಸೈ ಅಂದ ಕಣ್ಣನ್ನು ಬದುಕಿರುವಾಗ ಒಂದು ಸಲ ಡಾಕ್ಟರಿಗೆ ತೋರಿಸೋಕೆ ಟೈಮಿಲ್ಲ ಅಂದ್ರೆ ಹೇಗೆ?

ಟೈಮ್ ಅನ್ನೋದು ನೆಪ, ಅಸಲಿ ತೊಂದರೆ ಡ್ರಾಪ್ಸ್. ಅಕ್ಷಿಪಟಲದ ಅಂಚನ್ನು ಚೆನ್ನಾಗಿ ನೋಡಬೇಕಾದರೆ ಡ್ರಾಪ್ಸ್ ಹಾಕಿ ಕಣ್ಣಿನ ಪಾಪೆಯನ್ನು ದೊಡ್ಡದು ಮಾಡಬೇಕು. ಆಮೇಲೆ ನಾಲ್ಕೈದು ಗಂಟೆ ಮೊಬೈಲ್ ಓದೋಕಾಗಲ್ಲ, ಬಿಸಿಲು ಚುಚ್ಚುತ್ತದೆ, ಗಾಡಿ ಓಡಿಸೋ ಹಾಗಿಲ್ಲ. ಮೊಬೈಲ್ ಇಲ್ಲದೆ ನಾಲ್ಕೈದು ಗಂಟೆ! ನಮಗೆ ಭಯ ಇರೋದು ಅದಕ್ಕೇ.

ಹಾಗಾಗಿ ಕ್ಲಬ್ಬಿನಲ್ಲಿ ಮಾತಾಡಿಕೊಂಡಿದ್ದೇವೆ. ಎರಡನೇ ಇಂಟರ್ನಲ್ಸ್ ಮುಗಿದ ಮೇಲೆ ಒಂದು ಬೆಳಿಗ್ಗೆ ಚಾಮರಾಜಪೇಟೆಯ ಮಿಂಟೋ ಕಣ್ಣಾಸ್ಪತ್ರೆಗೆ ಹೊರಡೋದು. ಸರ್ಕಾರಿ ಆಸ್ಪತ್ರೆ, ಕ್ಯೂ ಇರುತ್ತದೆ, ತಿಂಡಿ ತಿಂದುಕೊಂಡೇ ಬನ್ನಿ. ನ್ಯಾಷನಲ್ ಕಾಲೇಜು ಮೆಟ್ರೋದಿಂದ ಮಾರ್ಕೆಟ್ಟಿಗೆ ಒಂದೇ ಸ್ಟಾಪು, ಬೈಕ್ ಬೇಡವೇ ಬೇಡ. ನಾಲ್ಕು ಜನಕ್ಕೆ ಒಬ್ಬರಂತೆ ಡ್ರಾಪ್ಸ್ ಹಾಕಿಸಿಕೊಳ್ಳದವರು ಜೊತೆಗಿರಬೇಕು, ವಾಪಸ್ ರಸ್ತೆ ದಾಟಿಸೋಕೆ. ಕನ್ನಡಕ ಇಲ್ಲದ ಸ್ನೇಹಿತರೂ ದಯವಿಟ್ಟು ಹೆಸರು ಕೊಡಿ.