ಎಡವೋ ಬಲವೋ?

ಸ್ತನ ಕ್ಯಾನ್ಸರ್ ಬಲಗಡೆಗಿಂತ ಎಡಗಡೆ ಹೆಚ್ಚು ಎನ್ನುವುದು ಸುಳ್ಳಲ್ಲ. ಎಷ್ಟು ಹೆಚ್ಚು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅಮೆರಿಕದ ಕ್ಯಾನ್ಸರ್ ನೋಂದಣಿಯಲ್ಲಿದ್ದ ಸುಮಾರು 8.8 ಲಕ್ಷ ರೋಗಿಗಳ ದಾಖಲೆ ಜಾಲಾಡಿದ 2022ರ ಅಧ್ಯಯನದಲ್ಲಿ ಎಡಕ್ಕೆ ಶೇ 50.8, ಬಲಕ್ಕೆ ಶೇ 49.2. ಸಾವಿರ ರೋಗಿಗಳಲ್ಲಿ ಹದಿನಾರರ ಅಂತರ. ಲಕ್ಷಗಳ ಲೆಕ್ಕದಲ್ಲಿ ಇದು ಆಕಸ್ಮಿಕವಲ್ಲ. ಒಬ್ಬಾಕೆ ಹೆದರಲಿಕ್ಕೂ ನಿಶ್ಚಿಂತಳಾಗಿರಲಿಕ್ಕೂ ಸಾಲದು.

ಕಾರಣ ಕೇಳಿದರೆ ಉತ್ತರಗಳಿಗೆ ಬರವಿಲ್ಲ. ಬಿಗಿ ಬ್ರಾ ಎನ್ನುವವರಿದ್ದಾರೆ. ಅದು ಎರಡೂ ಕಡೆ ಒಂದೇ ಬಿಗಿ ಎಂಬುದು ಅವರಿಗೆ ಹೊಳೆದಂತಿಲ್ಲ. ಸರಾಸರಿಯಲ್ಲಿ ಎಡ ಸ್ತನವೇ ತುಸು ದೊಡ್ಡದು ಎಂಬುದು ಒಪ್ಪಬಹುದಾದ ಮಾತು. ದೊಡ್ಡದಾದ ಬಲ ಶ್ವಾಸಕೋಶದಲ್ಲೂ ಕ್ಯಾನ್ಸರ್ ಹೆಚ್ಚೇ. ಬಲಗೈ ರೂಢಿಯವರಿಗೆ ಎಡಗಡೆಯ ಗಂಟು ಬೇಗ ಕೈಗೆ ಸಿಗುತ್ತದೆ ಎಂಬ ವಾದವೂ ಇದೆ. ಹಾಗಿದ್ದರೆ ಎಡಗಡೆಯವರೇ ಹೆಚ್ಚು ಚೇತರಿಸಿಕೊಳ್ಳಬೇಕಿತ್ತು. ಅದೇ ಅಧ್ಯಯನ ಕಂಡದ್ದು ಇದಕ್ಕೆ ವಿರುದ್ಧ: ಎಡಗಡೆಯ ಗೆಡ್ಡೆಗಳಲ್ಲಿ ಕೋಶ ವಿಭಜನೆಯ ಜೀನ್‌ಗಳು ಹೆಚ್ಚು ಚುರುಕು, ಶಸ್ತ್ರಚಿಕಿತ್ಸೆಗೆ ಮುಂಚಿನ ಕಿಮೋಗೆ ಅವು ಪೂರ್ತಿ ಕರಗುವುದು ಕಡಿಮೆ. ಇದನ್ನೂ ನಾನು ಸದ್ಯಕ್ಕೆ ಅರ್ಧ ಮಾತ್ರ ನಂಬುತ್ತೇನೆ. ರೋಗಿಗಳನ್ನು ಎರಡು ಗುಂಪು ಮಾಡಿ ನೂರೆಂಟು ಗುಣ ಅಳೆದರೆ ಯಾವುದಾದರೊಂದು ವ್ಯತ್ಯಾಸ ಸಿಕ್ಕೇ ಸಿಗುತ್ತದೆ.

ಆದರೂ ಪ್ರಶ್ನೆ ಹುರುಳಿಲ್ಲದ್ದಲ್ಲ. ಒಬ್ಬಳೇ ಹೆಂಗಸಿನ ಎರಡು ಸ್ತನಗಳಿಗೆ ವಂಶವಾಹಿ, ಊಟ, ಹಾರ್ಮೋನು ಎಲ್ಲವೂ ಒಂದೇ. ಇದಕ್ಕಿಂತ ಒಳ್ಳೆಯ ಹೋಲಿಕೆ ಸಂಶೋಧಕನಿಗೆ ಎಲ್ಲಿ ಸಿಗಬೇಕು? ಹಾಂಗ್‌ಕಾಂಗ್‌ನ ದೋಣಿವಾಸಿ ತಾಂಕಾ ಮಹಿಳೆಯರಲ್ಲಿ ಬಲಗಡೆ ಮಾತ್ರ ಮಗುವಿಗೆ ಹಾಲೂಡುವ ರೂಢಿಯಿತ್ತು. 1977ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ವರದಿಯಂತೆ, ಅವರಲ್ಲಿ ಮುಟ್ಟು ನಿಂತವರಿಗೆ ಹಾಲೂಡದ ಸ್ತನದಲ್ಲೇ ಕ್ಯಾನ್ಸರ್ ಹೆಚ್ಚು. ಎದೆಹಾಲೂಡುವುದು ರಕ್ಷಣೆ ಕೊಡುತ್ತದೆ ಎನ್ನುವುದಕ್ಕೆ ಒಂದೇ ಮೈಯಲ್ಲಿ ಸಿಕ್ಕ ಸಾಕ್ಷ್ಯ ಅದು.

ರೋಗಿಯ ಮಟ್ಟಿಗೆ ಎಡ-ಬಲ ಮುಖ್ಯವಾಗುವುದು ವಿಕಿರಣ ಚಿಕಿತ್ಸೆಯಲ್ಲಿ. ಎಡ ಸ್ತನದ ಹಿಂದೆಯೇ ಹೃದಯ. ಸ್ವೀಡನ್, ಡೆನ್ಮಾರ್ಕ್ ಮಹಿಳೆಯರ ಕುರಿತ 2013ರ ಅಧ್ಯಯನದ ಪ್ರಕಾರ ಹೃದಯಕ್ಕೆ ಬೀಳುವ ಸರಾಸರಿ ವಿಕಿರಣದ ಪ್ರತಿ ಒಂದು ಗ್ರೇಗೂ (ಗ್ರೇ ಎಂದರೆ ವಿಕಿರಣ ಅಳೆಯುವ ಮಾನ) ಗಂಭೀರ ಹೃದ್ರೋಗದ ಪ್ರಮಾಣ ಶೇ 7.4ರಷ್ಟು ಏರುತ್ತದೆ. ಇದಕ್ಕೆ ಪರಿಹಾರವೂ ಇದೆ: ದೀರ್ಘವಾಗಿ ಉಸಿರೆಳೆದು ಹಿಡಿದುಕೊಂಡರೆ ಶ್ವಾಸಕೋಶ ಉಬ್ಬಿ ಹೃದಯ ಎದೆಗೂಡಿನ ಗೋಡೆಯಿಂದ ದೂರ ಸರಿಯುತ್ತದೆ, ಆ ಕೆಲವು ಕ್ಷಣಗಳಲ್ಲಷ್ಟೇ ಯಂತ್ರ ಕಿರಣ ಬಿಡುತ್ತದೆ. ಎಡಗಡೆ ಕಾಯಿಲೆಯಾದವರು ‘ನನಗೇ ಯಾಕೆ ಎಡಕ್ಕೆ ಬಂತು’ ಎಂದು ಕೊರಗುವ ಬದಲು, ಈ ವಿಧಾನ ತಮಗೆ ಹೊಂದುತ್ತದೆಯೇ, ಹೃದಯಕ್ಕೆ ಎಷ್ಟು ಗ್ರೇ ಬೀಳುತ್ತದೆ ಎಂದು ಡಾಕ್ಟರನ್ನು ಕೇಳಬಹುದು.