ಕಾಡು ಈರುಳ್ಳಿ: ತಿನ್ನುವುದೂ ಬೇಡ, ಕೀಳುವುದೂ ಬೇಡ



ಕಾಫಿ, ಅಡಿಕೆ ಧಾರಣೆಯ ಮಾತು ಈ ಪುಟದಲ್ಲಿ ಎಂದೂ ಇದ್ದದ್ದೇ. ಈ ಸಲ ನಮ್ಮ ಲೆಕ್ಕದ ಪುಸ್ತಕದಲ್ಲಿ ಕಾಣದ ಒಂದು ಗಡ್ಡೆಯ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇವೆ. ಅದೇ ಕಾಡು ಈರುಳ್ಳಿ. ಸಂಸ್ಕೃತದ ವನಪಲಾಂಡು, ಶಾಸ್ತ್ರೀಯ ಹೆಸರು ಡ್ರಿಮಿಯಾ ಇಂಡಿಕಾ.

ತೋಟದ ದಟ್ಟ ನೆರಳು ಇದಕ್ಕೆ ಒಗ್ಗದು. ಬಿಸಿಲು ಬೀಳುವ, ನೀರು ನಿಲ್ಲದ ಗುಡ್ಡದ ಇಳಿಜಾರು, ಕುರುಚಲು ಕಾಡು, ಮರಳು ಮಿಶ್ರಿತ ನೆಲ ಇದರ ನೆಲೆ. ಬೇಸಿಗೆಯಲ್ಲಿ ಎಲೆಯೇ ಇಲ್ಲದೆ ಬರಿ ನೆಲದಿಂದ ಹೂದಂಟು ಏಳುತ್ತದೆ. ಮಳೆ ಬಿದ್ದ ಮೇಲೆ ಎಲೆ ಬರುತ್ತದೆ. ಉಳಿದ ಕಾಲವೆಲ್ಲ ಗಡ್ಡೆ ಮಣ್ಣಿನೊಳಗೆ ಅಡಗಿರುತ್ತದೆ.

ಹೆಸರು ಈರುಳ್ಳಿಯಾದರೂ ಇದು ಈರುಳ್ಳಿಯ ಕುಲದ್ದಲ್ಲ. ಸಸ್ಯಶಾಸ್ತ್ರಜ್ಞರು ಈಗ ಇದನ್ನು ಶತಾವರಿಯ ಕುಟುಂಬಕ್ಕೆ ಸೇರಿಸುತ್ತಾರೆ. ಹಿಸುಕಿದರೆ ಈರುಳ್ಳಿಯ ವಾಸನೆ ಬಾರದು, ರಸ ತಗುಲಿದರೆ ಕೈ ತುರಿಸುತ್ತದೆ, ರುಚಿ ಕಹಿ. ಗಡ್ಡೆಯಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷಾಂಶಗಳಿವೆ. ಮೆಡಿಟರೇನಿಯನ್ ತೀರದ ಇದರ ಸೋದರ ಗಿಡದ ಕೆಂಪು ಗಡ್ಡೆಯನ್ನು ಇಲಿ ಪಾಷಾಣವಾಗಿ ಬಳಸುತ್ತಿದ್ದರು. ಇಲಿಗೆ ವಾಂತಿಯಾಗದ ಕಾರಣ ತಿಂದ ವಿಷ ಹೊಟ್ಟೆಯಲ್ಲೇ ಉಳಿಯುತ್ತದೆ.

ಕೆಮ್ಮು ಕಫಕ್ಕೆ ವೈದ್ಯರು ಇದನ್ನು ಬಳಸಿದ್ದುಂಟು. ಸುಟ್ಟ ಗಡ್ಡೆಯನ್ನು ಪಾದದ ಆಣಿಗೆ ಕಟ್ಟುವ ಮನೆಮದ್ದೂ ಉಂಟು. ಆದರೆ ಮದ್ದಿನ ಅಳತೆಗೂ ವಿಷದ ಅಳತೆಗೂ ಅಂತರ ಬಹಳ ಕಡಿಮೆ. ಆದುದರಿಂದ ಹೊಟ್ಟೆಗೆ ಕೊಡುವ ಕೆಲಸವನ್ನು ಬಲ್ಲ ವೈದ್ಯರಿಗೇ ಬಿಡುವುದು ಲೇಸು.

ಈಗ ನಮ್ಮ ತೋಟಗಳಿಗೆ ದೂರದ ರಾಜ್ಯಗಳ ಕಾರ್ಮಿಕರು ಬರುತ್ತಿದ್ದಾರೆ. ಇಲ್ಲಿನ ಗಿಡಗಳ ಗುಣ ಅವರಿಗೆ ತಿಳಿಯದು. ಅಗೆಯುವಾಗ ಸಿಕ್ಕ ಗಡ್ಡೆ ಅವರ ಸಾರಿಗೆ ಬೀಳದಂತೆ ಎಚ್ಚರಿಸುವುದು ಮಾಲೀಕರ ಕರ್ತವ್ಯ. ಬೇಯಿಸಿದರೆ ವಿಷ ಹೋಗುತ್ತದೆಂದು ಯಾರೂ ನಂಬಬಾರದು. ಯಾರಾದರೂ ತಿಂದರೆ ತಡಮಾಡದೆ, ಗಡ್ಡೆಯ ಸಮೇತ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಾಗಾದರೆ ಕಿತ್ತೊಗೆಯೋಣವೇ? ಬೇಡವೆಂಬುದೇ ನಮ್ಮ ಅಭಿಪ್ರಾಯ. ಬ್ಯಾಣ, ಹಾಡ್ಯದ ಅಂಚಿನಲ್ಲಿ ತನ್ನ ಪಾಡಿಗೆ ಇರುವ ಗಿಡ ಕಾಫಿಯ ಗೊಬ್ಬರ ಕದಿಯುವುದಿಲ್ಲ, ಅಡಿಕೆಯ ನೀರು ಕುಡಿಯುವುದಿಲ್ಲ. ವರ್ಷದ ಬಹುಪಾಲು ಅದು ಕಣ್ಣಿಗೆ ಬೀಳದು. ಅಷ್ಟಕ್ಕೇ ಆ ಜಾಗವನ್ನು ಖಾಲಿ ಎಂದು ತಿಳಿದು ಯಂತ್ರ ಹರಿಸಬಾರದು. ಗುಣವರಿತು, ದೂರವಿಟ್ಟು, ಉಳಿಸಿಕೊಳ್ಳೋಣ. ಮುಂದಿನವರಿಗೂ ತೋರಿಸಿ ಹೇಳಲು ಗಿಡ ಇರಬೇಕಲ್ಲವೇ?

— ಕಾರ್ಯದರ್ಶಿ