ಎಲೆಯ ಫೋಟೋ ಸಾಲದು, ರಾತ್ರಿ ಟಾರ್ಚ್ ಹಿಡಿದು ಹೋಗಿ

ಚಳಿ ಶುರುವಾಯ್ತು ಅಂದ್ರೆ ನನ್ನ ವಾಟ್ಸಾಪ್‌ಗೆ ತೂತು ಬಿದ್ದ ಎಲೆಗಳ ಫೋಟೋ ಬರೋದೂ ಶುರು. ಎಲೆಕೋಸು, ಹೂಕೋಸು, ಮೂಲಂಗಿ, ಬೀನ್ಸ್. ಕೆಳಗೆ ಒಂದೇ ಸಾಲು: "ಅಣ್ಣಾ, ಇದಕ್ಕೆ ಯಾವ ಔಷಧಿ?" ತಿಂದಿದ್ದು ಯಾವುದು ಅಂತ ನಾನು ಕೇಳಿದ್ರೆ ಉತ್ತರ ಇಲ್ಲ. ಅಷ್ಟರಲ್ಲಿ ಅದೇ ಫೋಟೋ ಅಂಗಡಿಗೂ ಹೋಗಿರುತ್ತೆ, ಸಂಜೆಯೊಳಗೆ ಪಂಪಿನಲ್ಲಿ ಎರಡು ಬಾಟಲಿ ಬೆರೆತಿರುತ್ತೆ.

ನನ್ನ ಮಾತು ಇಷ್ಟೇ. ತಿನ್ನುತ್ತಿರುವುದನ್ನು ಕಣ್ಣಾರೆ ನೋಡದೆ ಏನನ್ನೂ ಸಿಂಪಡಿಸಬೇಡಿ. ರಾಸಾಯನಿಕವನ್ನಷ್ಟೇ ಅಲ್ಲ, ಬೇವಿನ ಕಷಾಯವನ್ನೂ ಬೇಡ.

ಇದನ್ನು ನಾನು ಕಾಲೇಜಿನಲ್ಲಿ ಕಲಿಯಲಿಲ್ಲ, ಪೆಟ್ಟು ತಿಂದು ಕಲಿತೆ. ತೋಟಗಾರಿಕೆ ಪದವಿ ಮುಗಿಸಿ ಸಾವಯವಕ್ಕೆ ಇಳಿದ ಎರಡನೇ ವರ್ಷ, ಡಿಸೆಂಬರಿನಲ್ಲಿ ಅರ್ಧ ಎಕರೆ ಎಲೆಕೋಸು ನಾಟಿ ಮಾಡಿದ್ದೆ. ವಾರದೊಳಗೆ ಎಲೆ ತುಂಬಾ ದೊಡ್ಡ ದೊಡ್ಡ ತೂತು. ಕೋಸಿನ ಶತ್ರು ವಜ್ರಬೆನ್ನಿನ ಪತಂಗ ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡವನು ನಾನು. ಇನ್ನೇನು ನೋಡೋದು ಅಂತ ಬೇವಿನ ಬೀಜದ ಕಷಾಯ ಮೂರು ಸಲ ಹೊಡೆದೆ. ತೂತು ನಿಲ್ಲಲಿಲ್ಲ. ನಾಲ್ಕನೇ ಸಲ ಪಂಪು ಹೆಗಲಿಗೇರಿಸುವಾಗ ಅಮ್ಮ ಕೇಳಿದ್ರು, "ಹಗಲೆಲ್ಲ ಹುಡುಕ್ತೀಯಲ್ಲ, ರಾತ್ರಿ ಒಂದ್ಸಲ ಹೋಗಿ ನೋಡಿದ್ಯಾ?"

ಆ ರಾತ್ರಿ ಮೊಬೈಲ್ ಟಾರ್ಚ್ ಹಾಕಿದರೆ, ಒಂದೊಂದು ಗಿಡದ ಮೇಲೆ ಎರಡು ಮೂರು ಬಸವನಹುಳು! ಹಗಲು ಹೊತ್ತು ಅವು ನಾನೇ ಹಾಸಿದ್ದ ಒಣಹುಲ್ಲಿನ ಅಡಿ ತಂಪಾಗಿ ಮಲಗಿರುತ್ತಿದ್ದವು. ಬಸವನಹುಳು ಕೀಟವೇ ಅಲ್ಲ. ಕೀಟಕ್ಕೆಂದು ಕಾಸಿದ ಕಷಾಯಕ್ಕೆ ಅದು ಯಾಕೆ ಬಗ್ಗಬೇಕು? ಅದು ಗೊತ್ತಾಗುವಷ್ಟರಲ್ಲಿ ಮೂರರಲ್ಲಿ ಒಂದು ಪಾಲು ಸಸಿ ಹೋಗಿತ್ತು.

ಚಳಿಗಾಲದಲ್ಲಿ ಈ ಗೊಂದಲ ಹೆಚ್ಚು. ಸುತ್ತಲಿನ ರಾಗಿ, ಭತ್ತ ಕಟಾವಾದ ಮೇಲೆ ಹಸಿರಾಗಿ ಉಳಿಯೋದು ನೀರು ಹಾಯಿಸಿದ ನಮ್ಮ ತರಕಾರಿ ಮಡಿ ಮಾತ್ರ. ಹುಳು, ಇಲಿ, ಮೊಲ, ಹಕ್ಕಿ ಎಲ್ಲದಕ್ಕೂ ಊಟ ಅಲ್ಲೇ. ಚಳಿಗೆ ಸಸಿಯ ಬೆಳವಣಿಗೆಯೂ ನಿಧಾನ, ಹೋದ ಎಲೆ ಬೇಗ ತುಂಬಿ ಬರಲ್ಲ. ಆದರೆ ತಿಂದದ್ದು ಗುರುತು ಬಿಟ್ಟೇ ಹೋಗಿರುತ್ತೆ.

ಬೆಳಗ್ಗೆ ಇಬ್ಬನಿ ಆರುವ ಮೊದಲು ಎಲೆ ಮೇಲೆ, ಮಣ್ಣಿನ ಮೇಲೆ ಹೊಳೆಯುವ ಅಂಟು ಗೆರೆ ಕಂಡರೆ ಅದು ಬಸವನಹುಳು. ಸಂಜೆ ಒದ್ದೆ ಗೋಣಿಚೀಲದ ಅಡಿ ಪಪ್ಪಾಯಿ ಎಲೆಯನ್ನೋ ಕೋಸಿನ ಎಲೆಯನ್ನೋ ಇಡಿ. ಬೆಳಗ್ಗೆ ಅಲ್ಲಿ ಸೇರಿದ್ದನ್ನು ಆರಿಸಿ ಉಪ್ಪುನೀರಿಗೆ ಹಾಕಿ. ಬರಿಗೈಲಿ ಮುಟ್ಟಬೇಡಿ, ಅವು ಮನುಷ್ಯರಿಗೂ ರೋಗ ತರುವ ಜಂತು ಹೊತ್ತಿರಬಹುದು.

ಸಸಿ ಬುಡದಲ್ಲೇ ತುಂಡಾಗಿ ಪಕ್ಕದಲ್ಲಿ ಬಿದ್ದಿದ್ರೆ, ಬುಡದ ಮಣ್ಣನ್ನು ಒಂದೆರಡು ಇಂಚು ಕೆದಕಿ. ಮುಟ್ಟಿದ ಕೂಡಲೇ ಸುರುಳಿ ಸುತ್ತಿಕೊಳ್ಳುವ ದಪ್ಪ ಬೂದು ಹುಳು ಸಿಕ್ಕರೆ ಅದು ಕಾಂಡ ಕತ್ತರಿಸುವ ಹುಳು. ಹಗಲು ಎಲೆ ಮೇಲೆ ಹೊಡೆದದ್ದು ಮಣ್ಣೊಳಗೆ ಮಲಗಿರುವ ಅದಕ್ಕೆ ತಲುಪಲ್ಲ. ಕೈಯಿಂದ ಆರಿಸಿ ಕೊಲ್ಲಿ. ಕೈತೋಟವಾದ್ರೆ ಪೇಪರ್ ಲೋಟದ ತಳ ಕತ್ತರಿಸಿ ಸಸಿ ಸುತ್ತ ಮಣ್ಣಿಗೆ ಊರಿದರೂ ಸಾಕು.

ಎಲೆಯ ಹಸಿರನ್ನು ಅಡಿಯಿಂದ ಕೆರೆದು, ಮೇಲೆ ತೆಳು ಪೊರೆ ಮಾತ್ರ ಗಾಜಿನಂತೆ ಉಳಿದಿದೆಯಾ? ಮುಟ್ಟಿದರೆ ಸಣ್ಣ ಹಸಿರು ಹುಳು ಒದ್ದಾಡಿ, ನೂಲು ಹಿಡಿದು ಜೋತಾಡುತ್ತಾ? ಹಾಗಾದ್ರೆ ಅದು ವಜ್ರಬೆನ್ನಿನ ಪತಂಗದ ಮರಿ. ಬೇವು, ಬಿಟಿ ದ್ರಾವಣ ಬೇಕಾಗೋದು ಇಲ್ಲಿ. ಮುಂದಿನ ಬೆಳೆಗೆ ಪ್ರತಿ 25 ಸಾಲು ಕೋಸಿಗೆ ಜೋಡಿ ಸಾಲು ಸಾಸಿವೆ ಹಾಕಿ, ಪತಂಗ ಮೊಟ್ಟೆ ಇಡೋಕೆ ಅತ್ತ ಹೋಗುತ್ತೆ.

ಕುಡಿ ಚಾಕುವಿನಲ್ಲಿ ಕೊಯ್ದಂತೆ ಓರೆಯಾಗಿ ತುಂಡಾಗಿದ್ದು, ಪಕ್ಕದಲ್ಲಿ ಗುಂಡು ಹಿಕ್ಕೆ ಬಿದ್ದಿದ್ರೆ ಮೊಲ. ಎಲೆ ಹರಿದಿದ್ದು ಮೂರು ಬೆರಳಿನ ದೊಡ್ಡ ಹೆಜ್ಜೆ ಇದ್ರೆ ನವಿಲು. ಎರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಬಲೆ ಹೊದಿಸಬೇಕು, ಬೇಲಿ ಬಿಗಿ ಮಾಡಬೇಕು. ವಿಷ ಇಡೋ ಯೋಚನೆಯೇ ಬೇಡ.

"ರಾತ್ರಿಯೆಲ್ಲ ಕಾಯೋಕಾಗುತ್ತಾ?" ಅಂತ ಕೇಳ್ತೀರಿ. ಬೇಕಿಲ್ಲ. ಊಟ ಆದ ಮೇಲೆ ಕಾಲು ಗಂಟೆ, ಬೆಳಕು ಹರಿಯುವ ಮೊದಲು ಕಾಲು ಗಂಟೆ, ಎರಡು ಮೂರು ದಿನ ನೋಡಿ. ಹಾವಿನ ಭಯ ಇದ್ದೇ ಇರುತ್ತೆ, ಗಂಬೂಟು ಹಾಕಿಕೊಳ್ಳಿ, ಒಬ್ಬರೇ ಹೋಗಬೇಡಿ. ಸುಮ್ಮನೆ ಹೊಡೆದ ಒಂದು ಪಂಪು ಔಷಧಿಯ ಖರ್ಚಿನ ಮುಂದೆ ಈ ನಿದ್ದೆಗೇಡು ದೊಡ್ಡದಲ್ಲ. ಅದರ ಜೊತೆ ಸಾಯುವ ಗುಲಗಂಜಿ ಹುಳು, ಪರತಂತ್ರ ಕಣಜಗಳ ಲೆಕ್ಕವನ್ನಂತೂ ನಾವು ಬರೆದೇ ಇಲ್ಲ.

ಅಂಗಡಿಯವರನ್ನೇ ಬೈದು ಪ್ರಯೋಜನ ಇಲ್ಲ. ನಾವು ಔಷಧಿ ಕೇಳಿದ್ವಿ, ಅವರು ಔಷಧಿ ಕೊಟ್ಟರು. ಪ್ರಶ್ನೆಯೇ ತಪ್ಪಿತ್ತು. ನಿಮ್ಮ ಕೈಲಿರೋ ಮೊಬೈಲ್‌ನಲ್ಲಿ ಟಾರ್ಚ್ ಇದೆ, ಕ್ಯಾಮೆರಾ ಇದೆ. ಇವತ್ತು ರಾತ್ರಿ ಎರಡನ್ನೂ ಬಳಸಿ. ನನಗೆ ತೂತು ಬಿದ್ದ ಎಲೆಯ ಫೋಟೋ ಬೇಡ, ಅದರ ಮೇಲೆ ಕೂತು ತಿನ್ನುತ್ತಿರುವುದರ ಫೋಟೋ ಕಳಿಸಿ. ಔಷಧಿ ಬೇಕಾ ಬೇಡ್ವಾ ಅಂತ ಆಮೇಲೆ ಮಾತಾಡೋಣ.